ಸ್ವತಂತ್ರ ಶೈಕ್ಷಣಿಕ ಬರವಣಿಗೆ: ವೃತ್ತಿಯನ್ನು ಆರಂಭಿಸಲಿಚ್ಛಿಸುವವರಿಗೆ ಮಾಹಿತಿ

ಸ್ನಾತಕೋತ್ತರ ಪದವಿ ಪಡೆದು ಬೋಧಕ ಹುದ್ದೆಯ ನಿರೀಕ್ಷೆಯಲ್ಲಿರುವವರು, ಅತಿಥಿ ಉಪನ್ಯಾಸಕರು, ನಿವೃತ್ತ ಶಿಕ್ಷಕರು ಹಾಗೂ ಮನೆಯಲ್ಲಿಯೇ ಇದ್ದು ದುಡಿಯಬಯಸುವ ವಿದ್ಯಾವಂತರಿಗೆ ಶೈಕ್ಷಣಿಕ ಬರವಣಿಗೆಯು ಪೂರಕ ಆದಾಯದ ಒಂದು ಮಾರ್ಗವಾಗಿದೆ. ಆದರೆ ಕೆಲಸದ ಸ್ವರೂಪವನ್ನೂ ತಮ್ಮ ಹಕ್ಕುಗಳನ್ನೂ ಅರಿಯದೆ ಒಪ್ಪಿಕೊಂಡಲ್ಲಿ ಶ್ರಮಕ್ಕೆ ತಕ್ಕ ಪ್ರತಿಫಲ ದೊರೆಯದಿರಬಹುದು. ಮತ್ತೊಬ್ಬರ ಅಕ್ರಮದಲ್ಲಿ ಭಾಗಿಯಾಗುವ ಸಂಭವವೂ ಉಂಟು. ಆದುದರಿಂದ ಆಸಕ್ತರ ಅನುಕೂಲಕ್ಕಾಗಿ ಮುಖ್ಯ ಅಂಶಗಳನ್ನು ಈ ಕೆಳಗೆ ವಿವರಿಸಲಾಗಿದೆ.

1. ದೊರೆಯಬಹುದಾದ ಕೆಲಸಗಳು

ದೂರಶಿಕ್ಷಣ ಸಂಸ್ಥೆಗಳಿಗೆ ಸ್ವಯಂ ಕಲಿಕಾ ಪಠ್ಯದ ಘಟಕಗಳನ್ನು ರಚಿಸುವುದು, ಖಾಸಗಿ ಪ್ರಕಾಶಕರಿಗೆ ಪಠ್ಯಪುಸ್ತಕ ಹಾಗೂ ಪ್ರಶ್ನಕೋಶ ಸಿದ್ಧಪಡಿಸುವುದು, ಜ್ಞಾನಶಾಖೆಗಳ ಗ್ರಂಥಗಳ ಅನುವಾದ, ಸಂಪಾದನೆ, ಕರಡಚ್ಚು ತಿದ್ದುವಿಕೆ ಮತ್ತು ಪದಸೂಚಿ ತಯಾರಿಕೆ ಇವುಗಳಲ್ಲಿ ಪ್ರಮುಖವಾದವು. ಮೈಸೂರಿನಲ್ಲಿರುವ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವು 1996ರಲ್ಲಿ ಸ್ಥಾಪನೆಯಾಯಿತು. ಮೈಸೂರಿನಲ್ಲಿಯೇ ಇರುವ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥಾನದ ರಾಷ್ಟ್ರೀಯ ಅನುವಾದ ಮಿಷನ್ ಅನುವಾದಕರ ರಾಷ್ಟ್ರೀಯ ನೋಂದಣಿ ಪಟ್ಟಿಯನ್ನು ರೂಪಿಸಿದೆ. ಅನುವಾದದಲ್ಲಿ ಪರಿಣತಿಯುಳ್ಳವರು ಇದರ ಬಗ್ಗೆ ವಿಚಾರಿಸಬಹುದು.

2. ಒಪ್ಪಿಕೊಳ್ಳಬಾರದ ಕೆಲಸ

ಮತ್ತೊಬ್ಬರ ಪದವಿಗಾಗಿ ಮಹಾಪ್ರಬಂಧ, ಕಿರುಪ್ರಬಂಧ ಅಥವಾ ಯೋಜನಾ ವರದಿಯನ್ನು ಹಣ ಪಡೆದು ಬರೆದುಕೊಡುವುದು ಶೈಕ್ಷಣಿಕ ಬರವಣಿಗೆ ಎನಿಸುವುದಿಲ್ಲ. ಸಲ್ಲಿಸುವ ಪ್ರಬಂಧವು ತಮ್ಮ ಸ್ವಂತ ರಚನೆಯೆಂದು ವಿದ್ಯಾರ್ಥಿಯು ಲಿಖಿತ ಮುಚ್ಚಳಿಕೆ ನೀಡಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗವು 2018ರಲ್ಲಿ ಹೊರಡಿಸಿದ ವಿನಿಯಮಗಳಲ್ಲಿ ತಿಳಿಸಲಾಗಿದೆ. ಇತರ ಕೃತಿಗಳೊಂದಿಗೆ ಸಾಮ್ಯವು ಶೇ. 10ನ್ನು ಮೀರಿ ಶೇ. 40ರವರೆಗೆ ಇದ್ದಲ್ಲಿ ಪ್ರಬಂಧವನ್ನು ತಿದ್ದಿ ಮರುಸಲ್ಲಿಸಬೇಕಾಗುತ್ತದೆ, ಶೇ. 40ರಿಂದ 60ರವರೆಗೆ ಇದ್ದಲ್ಲಿ ಒಂದು ವರ್ಷ ಸಲ್ಲಿಕೆಗೆ ತಡೆ ಇರುತ್ತದೆ; ಶೇ. 60ನ್ನು ಮೀರಿದಲ್ಲಿ ನೋಂದಣಿಯೇ ರದ್ದಾಗುತ್ತದೆ. ಇಂತಹ ಬರಹವನ್ನು ಕೊಟ್ಟವರು ತಮ್ಮ ಹೆಸರಿನಲ್ಲಿ ಅದನ್ನು ಎಲ್ಲಿಯೂ ತೋರಿಸಲಾಗದು. ಹಣ ಬಾರದಿದ್ದರೆ ಬಹಿರಂಗವಾಗಿ ಕೇಳುವುದೂ ಕಷ್ಟ. ಆದರೆ ವಿದ್ಯಾರ್ಥಿಯೇ ಬರೆದ ಪ್ರಬಂಧದ ಭಾಷೆ, ಕಾಗುಣಿತ ಹಾಗೂ ಅಡಿಟಿಪ್ಪಣಿಗಳ ವಿನ್ಯಾಸವನ್ನು, ಮಾರ್ಗದರ್ಶಕರ ಅರಿವಿನಲ್ಲಿ, ತಿದ್ದಿಕೊಡುವುದು ಇದಕ್ಕಿಂತ ಭಿನ್ನವಾದ ಕೆಲಸವಾಗಿದೆ.

3. ಪೂರ್ವಸಿದ್ಧತೆ

ತಾವು ವ್ಯಾಸಂಗ ಮಾಡಿದ ಒಂದು ವಿಷಯವನ್ನು ಮಾತ್ರ ಆರಂಭದಲ್ಲಿ ಆರಿಸಿಕೊಳ್ಳುವುದು ಸೂಕ್ತ. ಆ ವಿಷಯದಲ್ಲಿ ಹತ್ತು ಪುಟಗಳ ಒಂದು ಮಾದರಿ ಘಟಕವನ್ನು ಸಿದ್ಧಪಡಿಸಿಟ್ಟುಕೊಳ್ಳಬೇಕು. ಸ್ವಯಂ ಕಲಿಕಾ ಪಠ್ಯವು ಉಪನ್ಯಾಸದ ಟಿಪ್ಪಣಿಯಲ್ಲ. ಎದುರಿಗೆ ಅಧ್ಯಾಪಕರಿಲ್ಲದ ವಿದ್ಯಾರ್ಥಿಗಾಗಿ ಅದನ್ನು ಬರೆಯಲಾಗುತ್ತದೆ. ಆದಕಾರಣ ಉದ್ದೇಶಗಳು, ಪೀಠಿಕೆ, ವಿಷಯ ನಿರೂಪಣೆ, ನಡುನಡುವೆ ಸ್ವಯಂ ಪರೀಕ್ಷಾ ಪ್ರಶ್ನೆಗಳು, ಸಾರಾಂಶ, ಪದಕೋಶ ಮತ್ತು ಉತ್ತರಗಳು ಕ್ರಮವಾಗಿ ಇರತಕ್ಕದ್ದು. ಪಾರಿಭಾಷಿಕ ಪದಗಳನ್ನು ಆರಂಭದಿಂದ ಅಂತ್ಯದವರೆಗೆ ಒಂದೇ ರೂಪದಲ್ಲಿ ಬಳಸಬೇಕು. ಯೂನಿಕೋಡ್‌ನಲ್ಲಿ ಕನ್ನಡ ಬೆರಳಚ್ಚು ಮಾಡಲು ತಿಳಿದಿರುವುದು ಅತ್ಯಗತ್ಯ.

4. ಸಂಭಾವನೆಯ ಲೆಕ್ಕ

ಬರೆಯುವ ದಿನಗಳನ್ನು ಮಾತ್ರ ಎಣಿಸಿ ದರವನ್ನು ಒಪ್ಪಿಕೊಳ್ಳುವುದು ಹೊಸಬರಲ್ಲಿ ಸಾಮಾನ್ಯ. ಉದಾಹರಣೆಗೆ, ಒಂದು ಘಟಕಕ್ಕೆ ರೂ. 8,000 ನಿಗದಿಯಾಗಿದ್ದು, ಬರವಣಿಗೆಗೆ 5 ದಿನಗಳು ಹಿಡಿದಲ್ಲಿ ದಿನಕ್ಕೆ ರೂ. 1,600 ದೊರೆತಂತೆ ತೋರುತ್ತದೆ. ಆಕರ ಗ್ರಂಥಗಳ ಓದಿಗೆ 5 ದಿನ, ಪರಿಷ್ಕರಣೆಗೆ 2 ದಿನ ಸೇರಿಸಿದರೆ ಒಟ್ಟು 12 ದಿನಗಳಾಗಿ, ದಿನದ ಗಳಿಕೆಯು ಸುಮಾರು ರೂ. 667 ಆಗುತ್ತದೆ. ಬೆರಳಚ್ಚಿಗಾಗಿ ರೂ. 1,200ನ್ನು ಬರಹಗಾರರೇ ಭರಿಸಿದಲ್ಲಿ ಅದು ರೂ. 567ಕ್ಕೆ ಇಳಿಯುತ್ತದೆ. ಆದ್ದರಿಂದ ಬೆರಳಚ್ಚಿನ ವೆಚ್ಚ ಯಾರದು, ಎಷ್ಟು ಬಾರಿ ತಿದ್ದಿಕೊಡಬೇಕು ಎಂಬುದನ್ನು ಮೊದಲೇ ಗೊತ್ತುಪಡಿಸಿಕೊಳ್ಳಬೇಕು.

5. ಕರಾರು ಮತ್ತು ಕೃತಿಸ್ವಾಮ್ಯ

ಕೃತಿಸ್ವಾಮ್ಯ ಅಧಿನಿಯಮ, 1957ರ ಪ್ರಕಾರ ಕೃತಿಯ ಪ್ರಥಮ ಸ್ವಾಮ್ಯವು ಸಾಮಾನ್ಯವಾಗಿ ಅದರ ಕರ್ತೃವಿನದು. ನೌಕರಿಯ ಭಾಗವಾಗಿ ಬರೆದ ಕೃತಿಗೆ ಹಾಗೂ ಸರ್ಕಾರಿ ಕೃತಿಗೆ ಬೇರೆ ನಿಯಮ ಅನ್ವಯಿಸುತ್ತದೆ. ಸ್ವಾಮ್ಯದ ವರ್ಗಾವಣೆಯು ಲಿಖಿತವಾಗಿದ್ದು, ವರ್ಗಾಯಿಸುವವರ ಸಹಿ ಹೊಂದಿದ್ದರೆ ಮಾತ್ರ ಊರ್ಜಿತವಾಗುತ್ತದೆ. ಕೃತಿಯ ವಿವರ, ವರ್ಗಾಯಿಸುವ ಹಕ್ಕುಗಳು, ಅವಧಿ, ಪ್ರದೇಶ ಮತ್ತು ರಾಜಧನವನ್ನು ಅದರಲ್ಲಿ ನಮೂದಿಸಬೇಕು. ಅವಧಿಯನ್ನು ನಮೂದಿಸದಿದ್ದಲ್ಲಿ ಅದು ಐದು ವರ್ಷ ಎಂದೂ, ಪ್ರದೇಶವನ್ನು ನಮೂದಿಸದಿದ್ದಲ್ಲಿ ಭಾರತಕ್ಕೆ ಮಾತ್ರ ಸೀಮಿತವೆಂದೂ ಪರಿಗಣಿಸಲಾಗುತ್ತದೆ. ಸ್ವಾಮ್ಯವನ್ನು ವರ್ಗಾಯಿಸಿದ ನಂತರವೂ ತಾವೇ ಕರ್ತೃವೆಂದು ಹೇಳಿಕೊಳ್ಳುವ ಹಕ್ಕು ಅಧಿನಿಯಮದ 57ನೇ ಪ್ರಕರಣದಡಿ ಉಳಿಯುತ್ತದೆ. "ಎಲ್ಲಾ ಹಕ್ಕುಗಳನ್ನು ಶಾಶ್ವತವಾಗಿ ಬಿಟ್ಟುಕೊಡಲಾಗಿದೆ" ಎಂಬಂತಹ ವಾಕ್ಯವಿದ್ದಲ್ಲಿ ಸಹಿ ಮಾಡುವ ಮುನ್ನ ಯೋಚಿಸುವುದು ಒಳಿತು.

6. ತೆರಿಗೆ

ಬರವಣಿಗೆಯ ಸಂಭಾವನೆಯು ತೆರಿಗೆಗೆ ಒಳಪಡುವ ಆದಾಯವಾಗಿದ್ದು, ಪಾವತಿಸುವ ಸಂಸ್ಥೆಯು ಮೂಲದಲ್ಲಿಯೇ ತೆರಿಗೆ ಕಡಿತ ಮಾಡಬಹುದು. ಪ್ಯಾನ್ ಸಂಖ್ಯೆ ನೀಡದಿದ್ದಲ್ಲಿ ಕಡಿತವು ಹೆಚ್ಚಿನ ದರದಲ್ಲಿರುತ್ತದೆ. ಒಟ್ಟು ಆದಾಯವು ತೆರಿಗೆ ಮಿತಿಯೊಳಗೆ ಇದ್ದಲ್ಲಿ, ವಿವರಣೆ ಪಟ್ಟಿ ಸಲ್ಲಿಸಿ ಕಡಿತವಾದ ಮೊತ್ತವನ್ನು ಮರಳಿ ಪಡೆಯಬಹುದು. ಪ್ರತಿ ಬಿಲ್ಲಿನ ಪ್ರತಿ ಹಾಗೂ ಪುಸ್ತಕ, ಬೆರಳಚ್ಚು, ಪ್ರಯಾಣ ವೆಚ್ಚದ ರಸೀತಿಗಳನ್ನು ವರ್ಷವಾರು ಕಾಯ್ದಿರಿಸಬೇಕು.

7. ವಂಚನೆಯ ಬಗ್ಗೆ ಎಚ್ಚರಿಕೆ

ಕೆಲಸ ಕೊಡುವವರು ಕೆಲಸ ಮಾಡುವವರಿಂದ ನೋಂದಣಿ ಶುಲ್ಕ, ಠೇವಣಿ ಅಥವಾ ತರಬೇತಿ ಶುಲ್ಕ ಕೇಳಿದಲ್ಲಿ ಅಂತಹವರಿಂದ ದೂರವಿರುವುದು ಕ್ಷೇಮ. ಕೆಲಸವನ್ನು ಗಡುವಿನೊಳಗೆ ಮುಗಿಸಿಲ್ಲವೆಂದು ದಂಡ ಕೇಳಿ, ವಕೀಲರ ನೋಟಿಸಿನ ಹೆಸರಿನಲ್ಲಿ ಬೆದರಿಸುವ ಪ್ರಕರಣಗಳೂ ಇವೆ. ಹೆದರಿ ಹಣ ಪಾವತಿಸುವುದರ ಬದಲು ಸಮೀಪದ ಪೊಲೀಸ್ ಠಾಣೆಗೆ ಅಥವಾ 1930 ಸಹಾಯವಾಣಿಗೆ ದೂರು ನೀಡತಕ್ಕದ್ದು. ದೊಡ್ಡ ಕೆಲಸವಾಗಿದ್ದಲ್ಲಿ ಮೊದಲ ಘಟಕದ ಹಣ ಕೈಸೇರಿದ ನಂತರ ಎರಡನೆಯದನ್ನು ಒಪ್ಪಿಸುವುದಾಗಿ ಕರಾರಿನಲ್ಲಿಯೇ ಬರೆಸಿಕೊಳ್ಳುವುದು ಉತ್ತಮ ಪದ್ಧತಿಯಾಗಿದೆ.