ಒಂದೇ ಗಂಟಿನ ಕಲ್ಕತ್ತೆ ಯಾತ್ರೆ

ದೇಶ ಸುತ್ತು, ಕೋಶ ಓದು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಕೋಶವನ್ನು ಓದುವುದಕ್ಕೆ ಒಂದು ದೀಪವೂ ಕೊಂಚ ತಾಳ್ಮೆಯೂ ಇದ್ದರೆ ಸಾಕು. ದೇಶವನ್ನು ಸುತ್ತುವುದಕ್ಕೆ ಎಷ್ಟು ಹಣ ಬೇಕೆಂಬುದನ್ನು ಮಾತ್ರ ಅವರು ಹೇಳಲಿಲ್ಲ. ಆ ಲೆಕ್ಕವನ್ನು ನಾವು ನಾಲ್ವರು ಮಿತ್ರರು 2024ನೆಯ ಇಸವಿಯ ಡಿಸೆಂಬರಿನಲ್ಲಿ ಕಲ್ಕತ್ತೆಗೆ ಹೋಗಿ ಕಲಿತೆವು. ಕಲಿತ ಪಾಠವು ಹಣದ್ದು ಮಾತ್ರವಾಗಿರಲಿಲ್ಲವಾದುದರಿಂದ ಅದನ್ನು ವಾಚಕರ ಮುಂದಿಡುತ್ತಿದ್ದೇನೆ.

ನಾಲ್ವರೂ ಶಿರಸಿಯ ಸೀಮೆಯವರು; ಒಂದೇ ಶಾಲೆಯಲ್ಲಿ ಕಲಿತವರು. ಒಬ್ಬರು ನಿವೃತ್ತ ಮಾಸ್ತರರು, ಒಬ್ಬರು ಅಂಚೆಕಚೇರಿಯಲ್ಲಿದ್ದವರು, ಒಬ್ಬರು ಅಡಿಕೆಯ ತೋಟದವರು, ನಾಲ್ಕನೆಯವನು ನಾನು. ಕಲ್ಕತ್ತೆಯ ಹುಚ್ಚು ಮಾಸ್ತರರದು. ರವೀಂದ್ರನಾಥ ಠಾಕೂರರು ತಮ್ಮ ಯೌವನದಲ್ಲಿ, ಅಣ್ಣ ಸತ್ಯೇಂದ್ರನಾಥರು ನ್ಯಾಯಾಧೀಶರಾಗಿದ್ದ ನಮ್ಮ ಕಾರವಾರಕ್ಕೆ ಬಂದು ಕೆಲಕಾಲ ಇದ್ದರಷ್ಟೆ. ಅಲ್ಲಿನ ಕಡಲ ತೀರಕ್ಕೆ ಇಂದು ಕವಿಯ ಹೆಸರೇ ಇದೆ. “ಅವರು ಬಂದು ನಮ್ಮ ಕಡಲನ್ನು ನೋಡಿಹೋದರು. ನಾವು ಹೋಗಿ ಅವರ ಮನೆಯನ್ನು ನೋಡಿಬರುವುದು ಮರ್ಯಾದೆಯಲ್ಲವೇ?” ಎಂಬುದು ಮಾಸ್ತರರ ವಾದ. ಹೀಗೆ ಮರುಭೇಟಿಗೆಂದು ಹೊರಟದ್ದಾಯಿತು.

ತಲೆಗೆ 7,000 ರೂಪಾಯಿಯಂತೆ ಕೂಡಿಸಿ, ಒಟ್ಟು 28,000 ರೂಪಾಯಿಯನ್ನು ಒಂದು ಬಟ್ಟೆಯ ಚೀಲದಲ್ಲಿ ಗಂಟುಕಟ್ಟಿ ಅಂಚೆಯ ಮಿತ್ರರ ವಶಕ್ಕೆ ಕೊಟ್ಟೆವು. ಅವರು ಒಂದು ಸಣ್ಣ ಪುಸ್ತಕದಲ್ಲಿ ಖರ್ಚು ಬರೆಯತಕ್ಕದ್ದೆಂದು ಗೊತ್ತಾಯಿತು. ಹುಬ್ಬಳ್ಳಿಯಿಂದ ಹೌರಾಕ್ಕೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ಸಿನಲ್ಲಿ ಸ್ಲೀಪರ್ ದರ್ಜೆಯ ಚೀಟಿ ಕೊಂಡೆವು. ಮನೆಯಿಂದ ತಂದ ಅವಲಕ್ಕಿ, ಚಟ್ನಿಪುಡಿ, ರೊಟ್ಟಿಗಳು ದಾರಿಯ ಊಟದ ಖರ್ಚನ್ನು ಉಳಿಸಿದುವು. ತುಂಗಭದ್ರೆಯ ಸೀಮೆಯನ್ನು ದಾಟಿ, ತೆಲುಗು ನಾಡನ್ನು ಹಾದು, ಮರುದಿನ ಚಿಲ್ಕಾ ಸರೋವರದ ಅಂಚಿನಲ್ಲಿ ಬಂಡಿ ಓಡುತ್ತಿದ್ದಾಗ ಖರ್ಚಿನ ಮಾತನ್ನೇ ಮರೆತಿದ್ದೆವು.

ಹೌರಾದಲ್ಲಿಳಿದ ರಾತ್ರಿ ಅದು ನೆನಪಿಗೆ ಬಂದಿತು. ಭಾಷೆ ತಿಳಿಯದ ನಮ್ಮನ್ನು ಬಾಡಿಗೆಯ ಕಾರಿನವನೊಬ್ಬನು ಎಲ್ಲೆಲ್ಲಿಯೋ ಸುತ್ತಿಸಿ, ಹತ್ತಿರದ ಧರ್ಮಶಾಲೆಗೆ ತಲುಪಿಸಿ 600 ರೂಪಾಯಿ ವಸೂಲು ಮಾಡಿದನು. ಅಂಚೆಯ ಮಿತ್ರರು ಪುಸ್ತಕದಲ್ಲಿ “ಗುರುದಕ್ಷಿಣೆ, 600” ಎಂದು ಬರೆದುಕೊಂಡರು. ಹೊಸ ಊರಿಗೆ ರಾತ್ರಿ ಹೋಗತಕ್ಕವರು ಇಳಿದುಕೊಳ್ಳುವ ಸ್ಥಳದ ದಾರಿಯನ್ನೂ ದೂರವನ್ನೂ ಮೊದಲೇ ತಿಳಿದಿರಬೇಕೆಂಬುದು ಈ ಗುರುವಿನ ಉಪದೇಶ.

ಮರುದಿನ ಶನಿವಾರ. ಬೆಳಿಗ್ಗೆ ಹೌರಾ ಸೇತುವೆಯನ್ನು ಕಾಲ್ನಡಿಗೆಯಲ್ಲಿ ದಾಟಿದೆವು. 1943ರಲ್ಲಿ ತೆರೆದ ಈ ಸೇತುವೆಯಲ್ಲಿ ನಟ್ಟು ಬೋಲ್ಟುಗಳಿಲ್ಲ. ಸುಮಾರು 26,500 ಟನ್ ಉಕ್ಕನ್ನು ರಿವೆಟ್ಟುಗಳಿಂದಲೇ ಬಂಧಿಸಿದ್ದಾರೆ. ನಡುವೆ ನದಿಯಲ್ಲಿ ಒಂದು ಕಂಬವೂ ಇಲ್ಲ. 1965ರಲ್ಲಿ ಇದಕ್ಕೆ ರವೀಂದ್ರಸೇತು ಎಂದು ಹೆಸರಿಟ್ಟರೆಂದು ಕೇಳಿ ಮಾಸ್ತರರು ಕೈಮುಗಿದರು. ಹಿಂದಿರುಗುವಾಗ ಒಮ್ಮೆ ದೋಣಿಯಲ್ಲಿ ಹೂಗ್ಲಿಯ ಮೇಲೆಯೂ, ಇನ್ನೊಮ್ಮೆ ಮೆಟ್ರೋ ರೈಲಿನಲ್ಲಿ ಅದೇ ಹೂಗ್ಲಿಯ ಕೆಳಗೂ ದಾಟಿದೆವು. ಭಾರತದ ಮೊದಲ ಮೆಟ್ರೋ 1984ರಲ್ಲಿ ಈ ಊರಿನಲ್ಲಿಯೇ ಓಡಿತು. ನದಿಯ ತಳದ ಸುರಂಗವು 2024ರ ಮಾರ್ಚಿಯಲ್ಲಿ ತೆರೆಯಿತು. ಸುಮಾರು 520 ಮೀಟರ್ ಅಗಲದ ನದಿಯನ್ನು ಬಂಡಿಯು ಮುಕ್ಕಾಲು ನಿಮಿಷದಲ್ಲಿ ದಾಟುತ್ತದೆ. ಮೂರು ಬಗೆಯಾಗಿ ಒಂದು ನದಿಯನ್ನು ದಾಟಿದ ಈ ಸಂಭ್ರಮಕ್ಕೆ ಆದ ಖರ್ಚು ಅತ್ಯಲ್ಪ.

ಮಧ್ಯಾಹ್ನ ಜೋಡಾಸಾಂಕೊದ ಠಾಕೂರರ ಮನೆಗೆ ಹೋದೆವು. 1861ರಲ್ಲಿ ಕವಿ ಹುಟ್ಟಿದ್ದೂ 1941ರಲ್ಲಿ ಕಣ್ಣುಮುಚ್ಚಿದ್ದೂ ಇದೇ ಮನೆಯಲ್ಲಿ. ಮಾಸ್ತರರು ಕಾರವಾರದಿಂದ ತಂದಿದ್ದ ಒಂದು ಸಣ್ಣ ಚಿಪ್ಪನ್ನು ಜೇಬಿನಿಂದ ತೆಗೆದು, ಅಂಗಳದ ಒಂದು ಗಿಡದ ಬುಡದಲ್ಲಿಟ್ಟು, ಯಾರಿಗೂ ಹೇಳದೆ ಎದ್ದುಬಂದರು. ನಾವೂ ಕಂಡವರಂತೆ ತೋರಿಸಿಕೊಳ್ಳಲಿಲ್ಲ.

ಭಾನುವಾರ ಭಾರತೀಯ ವಸ್ತುಸಂಗ್ರಹಾಲಯ. 1814ರಲ್ಲಿ ಸ್ಥಾಪಿತವಾದ ಇದು ದೇಶದಲ್ಲಿ ಎಲ್ಲಕ್ಕಿಂತ ಹಳೆಯದು. ಭರ್ಹುತದ ಸ್ತೂಪದ ಕಲ್ಲಿನ ಕಟಾಂಜನವನ್ನೂ ಐಗುಪ್ತದ ಮಮ್ಮಿಯನ್ನೂ ನೋಡಿ ಹೊರಬಿದ್ದಾಗ ಸಾಯಂಕಾಲವಾಗಿತ್ತು. ಎದುರಿಗೆ ದೊಡ್ಡ ಬೀದಿಯ ದೀಪಗಳು ಕಣ್ಣು ಕೋರೈಸುತ್ತಿದ್ದುವು. ಒಂದು ದಿನವಾದರೂ ದೊಡ್ಡ ಹೋಟೆಲಿನಲ್ಲಿ ಉಣ್ಣೋಣ, ಹೆಚ್ಚಿನ ಹಣವನ್ನು ಅವರವರೇ ಕೈಯಿಂದ ಹಾಕೋಣ ಎಂದು ಹೇಳಿದವನು ನಾನೇ. ತಲೆಗೆ 900 ರೂಪಾಯಿ ಆಗುವಂತಿತ್ತು. ತೋಟದ ಮಿತ್ರರು ನಕ್ಕು, “ನನಗೆ ಇವತ್ತು ಏಕಾದಶಿ, ನೀವು ಉಂಡು ಬನ್ನಿ” ಎಂದು ಧರ್ಮಶಾಲೆಯ ಕಡೆಗೆ ನಡೆದರು.

ಎಲೆಯ ಮುಂದೆ ಕುಳಿತು ಎರಡು ತುತ್ತು ಉಂಡಮೇಲೆ ಮಾಸ್ತರರು ಕೈ ನಿಲ್ಲಿಸಿ, “ಏಕಾದಶಿ ಬುಧವಾರವೇ ಕಳೆದುಹೋಗಿದೆಯಲ್ಲ!” ಎಂದರು. ಆ ಮಾತಿನ ಅರ್ಥ ಹೊಳೆಯುವುದಕ್ಕೆ ನಮಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಆ ವರ್ಷದ ಮಳೆಗಾಲದಲ್ಲಿ ಅವರ ತೋಟಕ್ಕೆ ಕೊಳೆರೋಗ ಬಿದ್ದಿತ್ತು. ಎಳೆಗಾಯಿಗಳು ಉದುರಿ ಮರದ ಬುಡವೆಲ್ಲ ಹಾಸಿಹೋಗಿದ್ದುದನ್ನು ನಾನೇ ಕಣ್ಣಾರೆ ಕಂಡಿದ್ದೆ. ಕಂಡೂ ಮರೆತಿದ್ದೆ. ಉಳಿದ ಅನ್ನ ಗಂಟಲಿನಲ್ಲಿಳಿಯಲಿಲ್ಲ.

ಹಿಂದಿರುಗಿ ನೋಡಲಾಗಿ, ಅವರು ಜಗಲಿಯ ಮೇಲೆ ಒಂದು ಪೊಟ್ಟಣ ಮಂಡಕ್ಕಿಯನ್ನು ಮುಂದಿಟ್ಟುಕೊಂಡು ಬೀದಿ ನೋಡುತ್ತ ಕುಳಿತಿದ್ದರು. “ಹೇಳಿದ್ದರೆ ನಾವೇ ಕೊಡುತ್ತಿರಲಿಲ್ಲವೇನೋ ಮಾರಾಯ?” ಎಂದೆ ನಾನು.

“ಕೊಡುತ್ತಿದ್ದಿರಿ, ಅದು ನನಗೆ ಗೊತ್ತಿಲ್ಲವೇ?” ಎಂದರು ಅವರು. “ನೀವು ಕೊಟ್ಟದ್ದನ್ನು ಉಂಡರೆ, ನಾಳೆ ಊರಿನಲ್ಲಿ ನಿಮ್ಮ ಸಂಗಡ ಸರಿಸಮನಾಗಿ ಜಗಳವಾಡುವುದು ಹೇಗೆ ಹೇಳು?”

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅಂಚೆಯ ಮಿತ್ರರು ಪುಸ್ತಕವನ್ನು ತೆರೆದು, ಹೊಸ ಪುಟದ ನೆತ್ತಿಯಲ್ಲಿ “ಗಂಟಿನಿಂದ ಹೊರಗಿನ ಒಂದು ಪೈಸೆಯೂ ಇಲ್ಲ” ಎಂದು ಬರೆದು ನಾಲ್ವರಿಂದಲೂ ರುಜು ಹಾಕಿಸಿದರು. ತರುವಾಯ ನಾಲ್ವರೂ ಮಂಡಕ್ಕಿ ತಿಂದೆವು.

ಅಲ್ಲಿಂದ ಮುಂದೆ ಊರು ನಮಗೆ ಇನ್ನಷ್ಟು ಚೆನ್ನಾಗಿ ಕಂಡಿತೆಂದರೆ ಉತ್ಪ್ರೇಕ್ಷೆಯಲ್ಲ. ಸೋಮವಾರ ವಸ್ತುಸಂಗ್ರಹಾಲಯವೂ ವಿಕ್ಟೋರಿಯಾ ಸ್ಮಾರಕದ ಒಳಶಾಲೆಗಳೂ ಮುಚ್ಚಿರುತ್ತವೆ. ಆದುದರಿಂದ ಆ ದಿನವನ್ನು ದೇವಾಲಯಗಳಿಗೆ ಇಟ್ಟುಕೊಂಡಿದ್ದೆವು. ರಾಣಿ ರಾಸಮಣಿಯು 1855ರಲ್ಲಿ ಕಟ್ಟಿಸಿದ ದಕ್ಷಿಣೇಶ್ವರದ ತನಕ 2021ರಿಂದ ಮೆಟ್ರೋ ಹೋಗುತ್ತದೆ. ಅಲ್ಲಿಂದ ದೋಣಿಯಲ್ಲಿ ಬೇಲೂರು ಮಠಕ್ಕೆ. ನಮ್ಮ ಕುವೆಂಪು ಅವರಿಗೆ ದೀಕ್ಷೆಯಿತ್ತ ಸ್ವಾಮಿ ಶಿವಾನಂದರು ಅಧ್ಯಕ್ಷರಾಗಿದ್ದ ಮಠವದು. ನಡುಹಗಲಿನಲ್ಲಿ ಮಠದ ಬಾಗಿಲು ಮುಚ್ಚುವುದೆಂದು ತಿಳಿಯದೆ ಹೋದುದರಿಂದ ಹೊರಗೆ ಕಾಯಬೇಕಾಯಿತು. ಕಾಯುತ್ತ ಮಣ್ಣಿನ ಕುಡಿಕೆಯ ಚಹಾವನ್ನು ಎರಡೆರಡು ಸಲ ಕುಡಿದೆವು.

ಮಂಗಳವಾರ ವಿಕ್ಟೋರಿಯಾ ಸ್ಮಾರಕದ ಉಪವನದಲ್ಲಿ ಒಂದು ಸುತ್ತು ಹಾಕಿ, ಉಳಿದಿದ್ದ ಟ್ರಾಮೊಂದನ್ನು ಹತ್ತಿದೆವು. ಈ ಊರಿನಲ್ಲಿ 1873ರಲ್ಲಿ ಕುದುರೆಗಳೂ 1902ರಿಂದ ವಿದ್ಯುತ್ತೂ ಎಳೆದ ಟ್ರಾಮುಗಳಲ್ಲಿ ಒಂದೇ ಹಾದಿಯನ್ನು ಸ್ಮಾರಕವಾಗಿ ಉಳಿಸುವುದಾಗಿ ಸರ್ಕಾರವು 2024ರ ಸೆಪ್ಟೆಂಬರಿನಲ್ಲಿ ಸಾರಿತ್ತು. ಬಳಿಕ ಶಿಬಪುರದ ಸಸ್ಯೋದ್ಯಾನಕ್ಕೆ ಹೋದೆವು. 1787ರಲ್ಲಿ ಸ್ಥಾಪಿತವಾದ ಆ ತೋಟದಲ್ಲಿ ಇನ್ನೂರೈವತ್ತು ವರ್ಷಗಳಿಗೂ ಹಳೆಯದೆನ್ನಲಾದ ಮಹಾವಟವೃಕ್ಷವಿದೆ. ದೂರದಿಂದ ನೋಡಿದರೆ ಒಂದು ಕಾಡು. ಆದರೆ ಮರ ಒಂದೇ. ಬಿರುಗಾಳಿಗೂ ಬೂಷ್ಟಿನ ರೋಗಕ್ಕೂ ಸಿಕ್ಕಿ ಕೆಟ್ಟ ಮೂಲಕಾಂಡವನ್ನು 1925ರಲ್ಲಿಯೇ ಕಡಿದು ತೆಗೆದರು. ಮರವು ಸಾವಿರಾರು ಬಿಳಲುಗಳ ಮೇಲೆ ನಿಂತು ಈಗಲೂ ಹಬ್ಬುತ್ತಲೇ ಇದೆ.

ಆ ದಿನ ತೋಟದ ಮಿತ್ರರೇ ನಮಗೆ ಗುರುಗಳು. ಅವರು ಬಿಳಲುಗಳನ್ನು ಮುಟ್ಟಿ ನೋಡುತ್ತ ಬಹಳ ಹೊತ್ತು ನಿಂತರು. “ಕೊಳೆತದ್ದನ್ನು ಸಕಾಲದಲ್ಲಿ ತೆಗೆದರು, ಉಳಿದದ್ದು ಬದುಕಿತು” ಎಂದರು. ಮುಂದಿನ ಮಳೆಗಾಲಕ್ಕೆ ಮುಂಚೆ ಬೋರ್ಡೋ ದ್ರಾವಣವನ್ನು ತಪ್ಪದೆ ಹೊಡೆಸಬೇಕು ಎಂದೂ ಸೇರಿಸಿದರು.

ಶಿರಸಿಗೆ ಮರಳಿ ಲೆಕ್ಕ ನೋಡಿದಾಗ ಗಂಟಿನಲ್ಲಿ 340 ರೂಪಾಯಿ ಉಳಿದಿತ್ತು. ಅದನ್ನು ಹಂಚಿಕೊಳ್ಳಲಿಲ್ಲ, ಮುಂದಿನ ಯಾತ್ರೆಯ ಮೊದಲ ಜಮೆಯೆಂದು ಬರೆದಿಟ್ಟೆವು.

ಗೆಳೆಯರೊಡನೆ ಪ್ರವಾಸ ಹೊರಡತಕ್ಕ ಗೃಹಸ್ಥರಿಗೆ ನನ್ನ ಬಿನ್ನಹವಿಷ್ಟೆ: ಗಂಟನ್ನು ಕಟ್ಟುವಾಗ ಎಲ್ಲರಿಗಿಂತ ಕಡಮೆ ಅನುಕೂಲವುಳ್ಳವರನ್ನು ಮನಸ್ಸಿನಲ್ಲಿಟ್ಟುಕೊಂಡು ಮೊತ್ತವನ್ನು ಗೊತ್ತುಮಾಡಿರಿ, ಅದನ್ನು ಅವರ ಬಾಯಿಂದ ಹೇಳಿಸಬೇಡಿರಿ. ಮುಂದಿನ ಊರು ಕಾಶಿಯೋ ಮಧುರೆಯೋ ಎಂದು ನಾವೀಗ ಪ್ರತಿ ಸಾಯಂಕಾಲ ಜಗಳವಾಡುತ್ತಿದ್ದೇವೆ. ಎಲ್ಲರಿಗಿಂತ ಗಟ್ಟಿಯಾದ ದನಿ ತೋಟದ ಮಿತ್ರರದೇ.