ನೆನೆಗುದಿಗೆ ಬಿದ್ದವರು ಯಾರು?

ಸೇತುವೆಯ ಕಂಬಗಳು ಅರ್ಧಕ್ಕೆ ನಿಂತರೆ, ಕಡತವು ಮೇಜಿನಿಂದ ಮೇಲೇಳದಿದ್ದರೆ, ಕೆಲಸ ‘ನೆನೆಗುದಿಗೆ ಬಿದ್ದಿದೆ’ ಎಂದು ಪತ್ರಿಕೆಗಳು ಬರೆಯುತ್ತವೆ. ಅದು ರದ್ದಾಗಿಲ್ಲ, ನಡೆಯುತ್ತಲೂ ಇಲ್ಲ. ಎಂದು ಮುಗಿದೀತೆಂದು ಹೇಳಬಲ್ಲವರೂ ಇಲ್ಲ. ಇಷ್ಟನ್ನೂ ಒಂದೇ ಉಸಿರಿಗೆ ಹೇಳುವ ಈ ಪದದ ಹುಟ್ಟು ಎಲ್ಲಿಯದು?

ರಾಮನಗರದವರಿಗೆ ಥಟ್ಟನೆ ರೇಷ್ಮೆಗೂಡಿನ ನೆನಪಾದರೆ ಆಶ್ಚರ್ಯವಿಲ್ಲ. ನೂಲು ಬಿಚ್ಚುವ ಮನೆಗಳಲ್ಲಿ ಗೂಡನ್ನು ಕುದಿನೀರಿಗೆ ಹಾಕುತ್ತಾರೆ. ಅಂಟು ಸಡಿಲಗೊಂಡು ಎಳೆ ಕೈಗೆ ಸಿಕ್ಕುತ್ತದೆ. ನೆನೆಯುವುದು, ಕುದಿಯುವುದು ಎರಡೂ ಅಲ್ಲುಂಟು. ಆದರೆ ಆ ಕಸುಬು ತಡವನ್ನು ಸಹಿಸದು. ಗೂಡನ್ನು ಹಾಗೆಯೇ ಬಿಟ್ಟರೆ ಒಳಗಿನ ಹುಳು ಚಿಟ್ಟೆಯಾಗಿ, ಗೂಡನ್ನು ತೂತುಮಾಡಿ ಹೊರಟೀತು!

ವಾಸ್ತವವಾಗಿ ಕನ್ನಡದಲ್ಲಿ ‘ನೆನೆ’ ಎರಡು. ನೀರಿನಲ್ಲಿ ತೊಯ್ಯುವುದು ಒಂದು, ಮನಸ್ಸಿಗೆ ತಂದುಕೊಳ್ಳುವುದು ಇನ್ನೊಂದು. ಕನ್ನಡದಲ್ಲಿ ಒಂದೇ ರೂಪ ತಾಳಿರುವ ಇವು ತಮಿಳಿನಲ್ಲಿ ಬೇರೆಬೇರೆಯಾಗಿಯೇ ಉಳಿದಿವೆ: ತೊಯ್ಯುವುದಕ್ಕೆ ‘ನನೈ’, ಯೋಚಿಸುವುದಕ್ಕೆ ‘ನಿನೈ’. ನೆನೆಗುದಿಯಲ್ಲಿರುವುದು ಎರಡನೆಯದು. ನೆನೆ, ಕುದಿ ಎಂಬ ಎರಡು ಪದಗಳು ಸೇರುವಾಗ, ‘ಮಳೆಗಾಲ’ದಲ್ಲಿ ಆದಂತೆಯೇ, ಕಕಾರವು ಗಕಾರವಾಗಿದೆ. ‘ಒಳಗೊಳಗೇ ಕುದಿಯುತ್ತಾನೆ’ ಎನ್ನುವಾಗಿನ ಕುದಿಯೇ ಇದು. ನೆನೆನೆನೆದು ಕುದಿಯುವ ಮನಸ್ಸಿನ ತಳಮಳ, ಅದೇ ನೆನೆಗುದಿ. ಪತ್ರಿಕೆಗಳಲ್ಲಿ ಆಗಾಗ ಕಾಣುವ ‘ನನೆಗುದಿ’ ಎಂಬ ಬರವಣಿಗೆ ಓದುಗನನ್ನು ಮತ್ತೆ ನೀರಿನ ಕಡೆಗೇ ಎಳೆಯುತ್ತದೆ. ಅದನ್ನು ಕೈಬಿಡುವುದೇ ಲೇಸು.

ಹಾಗಾದರೆ ನೆನೆಗುದಿಗೆ ಬೀಳಬೇಕಾದವನು ಮನುಷ್ಯ. ಚಿಂತೆಗೆ ಬೀಳುವವನು, ಪೇಚಿಗೆ ಬೀಳುವವನು ಅವನೇ ತಾನೆ? ಕಲ್ಲು ಮಣ್ಣಿಗೆ ಕುದಿಯೆಲ್ಲಿಯದು? ಕಾಲಕ್ರಮದಲ್ಲಿ ಪದವು ಕಾಯುವವನನ್ನು ಬಿಟ್ಟು ಕಾಮಗಾರಿಗೆ ಅಂಟಿಕೊಂಡಿತು.

ಬೆಂಗಳೂರು–ಮೈಸೂರು ರೈಲುಮಾರ್ಗ ಹತ್ತೊಂಬತ್ತನೆಯ ಶತಮಾನದಲ್ಲಿಯೇ ರಾಮನಗರ, ಚನ್ನಪಟ್ಟಣಗಳನ್ನು ಮುಟ್ಟಿತ್ತು. ಮಾಗಡಿ, ಕನಕಪುರಗಳಿಗೆ ಆ ಭಾಗ್ಯವಿಲ್ಲ. ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲಗಳ ಮೂಲಕ ಚಾಮರಾಜನಗರಕ್ಕೆ ಹೋಗಬೇಕಾದ ಸುಮಾರು 142 ಕಿಲೋಮೀಟರಿನ ಮಾರ್ಗಕ್ಕೆ ಮಂಜೂರಾತಿಯೇನೋ 1996–97ರಷ್ಟು ಹಿಂದೆಯೇ ದೊರೆತಿತ್ತು. ಆ ವರ್ಷ ಕನಕಪುರದಲ್ಲಿ ಹುಟ್ಟಿದ ಕೂಸುಗಳು ಶಾಲೆ ಕಾಲೇಜು ಮುಗಿಸಿ ಸಂಸಾರ ಹೂಡುವ ವಯಸ್ಸಿಗೆ ಬಂದಿವೆ. ಬೆಂಗಳೂರಿಗೆ ಹೋಗಲು ಅವರಿಗೆ ಇಂದಿಗೂ ಬಸ್ಸೇ ಗತಿ. ಪತ್ರಿಕೆಯ ವಾಕ್ಯದಲ್ಲಿ ನೆನೆಗುದಿಗೆ ಬಿದ್ದಿರುವುದು ರೈಲುಮಾರ್ಗ. ಪದದ ಮೂಲಾರ್ಥವನ್ನು ಹಿಡಿದರೆ, ಬಿದ್ದವರು ಕನಕಪುರದ ಬಸ್ಸು ನಿಲ್ದಾಣದಲ್ಲಿ ನಿಂತಿದ್ದಾರೆ.