ಐವತ್ತರಲ್ಲಿ ನಲವತ್ತೊಂಬತ್ತು ನಪಾಸು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ, ಜಿಲ್ಲೆಗಳ ಪಟ್ಟಿಯಲ್ಲಿ ನಮ್ಮದು ಎಷ್ಟನೆಯದು ಎಂದು ಬೆರಳಿಟ್ಟು ಹುಡುಕದವರು ಕಡಿಮೆ. ಅಮೆರಿಕದಲ್ಲಿ ಕಾಲೇಜು ಶಿಕ್ಷಣಕ್ಕೂ ಇಂಥದೊಂದು ಪಟ್ಟಿ ಇತ್ತು. 2000ದಿಂದ 2008ರವರೆಗೆ ಎರಡು ವರ್ಷಕ್ಕೊಮ್ಮೆ ‘ಮೆಷರಿಂಗ್ ಅಪ್’ ಎಂಬ ವರದಿ ಐವತ್ತೂ ರಾಜ್ಯಗಳ ಕೈಗೆ ಮಾರ್ಕ್ಸ್ ಕಾರ್ಡ್ ಕೊಡುತ್ತಿತ್ತು. ಕೊಡುತ್ತಿದ್ದದ್ದು ಸರ್ಕಾರವಲ್ಲ, ಒಂದು ಸ್ವತಂತ್ರ ಸಂಸ್ಥೆ.

2008ರ ಕಾರ್ಡು ನೋಡಿ. ಓದಿನ ಖರ್ಚು ಮನೆಯವರ ಕೈಗೆಟುಕುತ್ತದೆಯೇ ಎಂಬ ವಿಷಯದಲ್ಲಿ 49 ರಾಜ್ಯಗಳಿಗೆ ‘ಎಫ್’! ಪಾಸಾದದ್ದು ಕ್ಯಾಲಿಫೋರ್ನಿಯಾ ಒಂದೇ, ಅದೂ ‘ಸಿ’ ಮಟ್ಟದಲ್ಲಿ. ಅಲ್ಲಿನ ಕಮ್ಯುನಿಟಿ ಕಾಲೇಜುಗಳಲ್ಲಿ ಆಗ ಯೂನಿಟ್ಟಿಗೆ 20 ಡಾಲರ್ ಶುಲ್ಕ. ರಾಜ್ಯದ ಮಾನ ಉಳಿಸಿದ್ದು ಆ ಅಗ್ಗದ ಕಾಲೇಜುಗಳು.

ತರಗತಿಯ ಐವತ್ತು ಮಕ್ಕಳಲ್ಲಿ ನಲವತ್ತೊಂಬತ್ತು ಮಂದಿ ಢುಮ್ಕಿ ಹೊಡೆದರೆ ಮೇಷ್ಟ್ರ ಮೇಲೇ ಅನುಮಾನ ಬರುತ್ತದೆ. ಆದರೆ ಅದೇ ವರದಿಯ ಇನ್ನೊಂದು ಲೆಕ್ಕ ಆ ಅನುಮಾನವನ್ನು ಅರ್ಧಕ್ಕೇ ನಿಲ್ಲಿಸುತ್ತದೆ. 1980ರ ದಶಕದ ಮೊದಲ ವರ್ಷಗಳಲ್ಲಿ 100 ಡಾಲರ್ ಇದ್ದ ಶುಲ್ಕ 2007ಕ್ಕೆ 539 ಆಗಿತ್ತು. ನಡುಮಟ್ಟದ ಕುಟುಂಬದ 100 ಡಾಲರ್ ಆದಾಯ ಅಷ್ಟೇ ಕಾಲದಲ್ಲಿ ಮುಟ್ಟಿದ್ದು 247. ಈ ಕಂದಕವನ್ನು ಶಾಸಕರಿಗೆ ಪುಟಗಟ್ಟಲೆ ಕೋಷ್ಟಕ ಹಾಕಿ ತೋರಿಸುವುದು ಕಷ್ಟ. ಒಂದು ‘ಎಫ್’ ಸಾಕು. ಹಾಗೆಂದು, ಒಂದೇ ಅಂಕದಲ್ಲಿ ತಪ್ಪಿಸಿಕೊಂಡವನೂ ಸೊನ್ನೆ ಸುತ್ತಿದವನೂ ಅದೇ ಅಕ್ಷರದಡಿ ಒಂದಾಗಿಬಿಡುತ್ತಾರೆ.

ಇನ್ನೊಂದು ತಮಾಷೆ. ಉನ್ನತ ಶಿಕ್ಷಣದಿಂದ ರಾಜ್ಯಕ್ಕಾದ ಲಾಭವನ್ನು ಅಳೆಯಲು, ಅಲ್ಲಿ ವಾಸವಿರುವವರಲ್ಲಿ ಪದವೀಧರರೆಷ್ಟು ಎಂದೂ ನೋಡುತ್ತಿದ್ದರು. ಓದಿದ್ದು ಎಲ್ಲಿ ಎಂಬುದು ಆ ಲೆಕ್ಕಕ್ಕೆ ಬೇಕಿರಲಿಲ್ಲ. ದಾವಣಗೆರೆಯಲ್ಲಿ ಅಪ್ಪ ಸಾಲ ಮಾಡಿ ಎಂಜಿನಿಯರಿಂಗ್ ಓದಿಸಿದ ಮಗ ನ್ಯೂಜೆರ್ಸಿಯಲ್ಲಿ ಮನೆ ಮಾಡಿದರೆ, ಅಂಕ ಏರುವುದು ನ್ಯೂಜೆರ್ಸಿಗೆ!

ಕಾರ್ಡಿನಲ್ಲಿ ‘ಕಲಿಕೆ’ ಎಂಬ ವಿಷಯವೂ ಇತ್ತು. 2000ದಲ್ಲಿ ಅದರ ಫಲಿತಾಂಶ 50ಕ್ಕೆ 50 ರಾಜ್ಯಗಳಿಗೂ ‘ಅಪೂರ್ಣ’. ಎಂಟು ವರ್ಷ ಕಳೆದು 2008ರಲ್ಲೂ ಐವತ್ತಕ್ಕೂ ‘ಅಪೂರ್ಣ’. ಪದವಿ ಹಿಡಿದು ಹೊರಬಂದವರಿಗೆ ನಿಜಕ್ಕೂ ಏನು ಬರುತ್ತದೆ ಎಂದು ರಾಜ್ಯ ರಾಜ್ಯಗಳನ್ನು ಹೋಲಿಸಿ ನೋಡುವಷ್ಟು ಮಾಹಿತಿಯೇ ಇರಲಿಲ್ಲ.